ಶಿರಗುಪ್ಪಿಗೆ ಹೋದ ಕನ್ನಡಕ

ಕೆಲಗೇರಿ ರಸ್ತೆ, ಧಾರವಾಡ
೧೮ ಆಗಸ್ಟ್ ೨೦೨೪, ರವಿವಾರ

ಪ್ರೀತಿಯ ವಾಣಿ,

ನೀನೂ ಮನೆಯವರೂ ಸಾನ್ವಿಯೂ ರಾಯಚೂರಿನಲ್ಲಿ ಹೇಗಿದ್ದೀರಿ? ಇಲ್ಲಿ ಅವ್ವ, ನಿನ್ನ ವೈನಿ, ನಾನು ಮೂವರೂ ಆರಾಮ. ಹದಿನೈದು ದಿನದಿಂದ ಜಿಟಿಜಿಟಿ ಮಳೆ ಹಿಡಿದಿದೆ. ಒಗೆದ ಬಟ್ಟೆ ಒಣಗುವುದಿಲ್ಲ, ಡಬ್ಬಿಯಲ್ಲಿದ್ದ ಹಪ್ಪಳವೂ ಮೆತ್ತಗಾಗಿದೆ. ಎರೆಹೊಲಕ್ಕೆ ಕಾಲಿಟ್ಟರೆ ಮಣ್ಣು ಬೂಟು ಬಿಡುವುದಿಲ್ಲವಾದ್ದರಿಂದ ನಮ್ಮ ಸರ್ವೇ ಕೆಲಸವೂ ನಿಂತಿದೆ. ಆಫೀಸಿನಲ್ಲಿ ಕೂತು ಹಳೆಯ ನಕಾಶೆ ತಿರುವಿಹಾಕುತ್ತೇನೆ. ಹೀಗಾಗಿ ಬರೆಯಲು ವೇಳೆ ಸಿಗಲಿಲ್ಲ ಎಂದು ಹೇಳುವ ಹಾಗಿಲ್ಲ.

ಜೂನ್ ಇಪ್ಪತ್ತಾರಕ್ಕೆ ನಿನ್ನ ಸಂದೇಶ ಬಂತು. “ಅಪ್ಪನ ಚಷ್ಮಾ ಕಳಸು. ಬ್ಯಾರೆ ಏನೂ ಬ್ಯಾಡ.” ನಾನು ಓದಿದ್ದು ನಿನ್ನ ಫೋನಿನಲ್ಲಿ ಕಂಡಿರುತ್ತದೆ. ಓದಿ ಐವತ್ಮೂರು ದಿನ ಸುಮ್ಮನಿದ್ದೆ. ನೀನು ಪ್ರತಿ ಸೋಮವಾರ ಅವ್ವನ ಜೊತೆ ಮಾತಾಡುವಾಗ ನಾನು ಹತ್ತಿರ ಬಂದರೆ “ಇಡತೇನವ್ವಾ” ಎನ್ನುವುದು ನನಗೆ ಕೇಳಿಸುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನಾದರೆ ಬೇಡವಾದಲ್ಲಿ ನಿಲ್ಲಿಸಿ, ಮನಸ್ಸಾದಾಗ ಮತ್ತೆ ಓದಬಹುದು.

ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡಾಗ ಅವರ ಮುಖವನ್ನು ಕೊನೆಗೊಮ್ಮೆ ನೋಡಲು ನಿನಗೆ ಸಿಗಲಿಲ್ಲ. ಹೊತ್ತು ಮುಳುಗುವುದರೊಳಗೆ ಮುಗಿಸಬೇಕೆಂದು ಹಿರಿಯರು ಅವಸರ ಮಾಡಿದರು, ಕಾಯಿರಿ ಅಂದರೂ ಕೇಳಲಿಲ್ಲ ಎಂದು ಅಂದು ನಿನಗೆ ಹೇಳಿದ್ದೆ. ನೀನು ಹನ್ನೊಂದನೆಯ ದಿನದವರೆಗೆ ಇದ್ದು, ನನ್ನ ಜೊತೆ ಒಂದು ಮಾತೂ ಆಡದೆ ಹೋದೆ. ಆ ಮುಖದ ಮೇಲೆ ಇದ್ದ ಒಂದು ವಸ್ತುವನ್ನು ಈಗ ಕೇಳಿದ್ದೀ. ಇಷ್ಟು ನನಗೆ ತಿಳಿಯುತ್ತದೆ. ತಿಳಿದೂ ಉತ್ತರ ಕೊಡದೆ ಇದ್ದದ್ದಕ್ಕೆ ಕಾರಣ, ನಿನ್ನ ಸಂದೇಶ ಬರುವ ಆರು ವಾರ ಮೊದಲೇ ನಾನು ಆ ಕನ್ನಡಕವನ್ನು ದಾನಕ್ಕೆ ಹಾಕಿಬಿಟ್ಟಿದ್ದೆ.

ಸಿಟ್ಟಾಗಬೇಡ ಎನ್ನುವುದಿಲ್ಲ. ಆದರೆ ಪೂರ್ತಿ ಓದು. ಆಮೇಲೆ ನಡೆದದ್ದು ನನಗೇ ವಿಚಿತ್ರವಾಗಿದೆ.

ಸುಭಾಸ ರಸ್ತೆಯ ಆಫ್ತಾಬರ ಅಂಗಡಿ ನಿನಗೆ ನೆನಪಿರಬೇಕು. ಅಪ್ಪ ತಮ್ಮ ಕೊನೆಯ ಕನ್ನಡಕ ಮಾಡಿಸಿದ್ದು ಅಲ್ಲಿಯೇ. ಬಾಗಿಲಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ ಇಟ್ಟಿದ್ದಾರೆ, ನಮ್ಮೂರ ಅಂಚೆ ಡಬ್ಬಿಯಷ್ಟು ದೊಡ್ಡದು. ‘ನಿಮಗೆ ಬೇಡಾದ ಚಷ್ಮಾ ಇನ್ನೊಬ್ಬರಿಗೆ ಬೇಕು’ ಎಂದು ಬರೆದಿದೆ. ಮೇ ತಿಂಗಳಲ್ಲಿ ಮೇಜಿನ ಖಾನೆಯನ್ನು ಹಸನು ಮಾಡುವಾಗ ಅಪ್ಪನ ಕನ್ನಡಕ ಸಿಕ್ಕಿತು. ಅಂದು ಮಣ್ಣು ಮಾಡಿ ಬಂದವನು ಅಂಗಿಯ ಕಿಸೆಯಿಂದ ತೆಗೆದು ಅಲ್ಲಿ ಇಟ್ಟದ್ದು, ಹಾಗೇ ಇತ್ತು. ಖಾನೆಯಲ್ಲಿ ಬಿದ್ದರೆ ಯಾರಿಗೆ ಉಪಯೋಗ ಎನ್ನಿಸಿತು. ಅವ್ವನನ್ನು ಕೇಳಲಿಲ್ಲ. ಕೇಳಿದರೆ ಆಕೆಗೆ ನೋವಾದೀತು ಎಂದುಕೊಂಡೆ. ನಮ್ಮಲ್ಲಿ ಕೇಳದೆ ಮಾಡಿದ ಕೆಲಸಕ್ಕೆಲ್ಲ ಇದೇ ಕಾರಣ ಇರುತ್ತದೆ.

ನಿನ್ನ ಸಂದೇಶ ಬಂದ ಮರುದಿನವೇ ಅಂಗಡಿಗೆ ಹೋದೆ. ಪೆಟ್ಟಿಗೆ ಖಾಲಿಯಾಗಿತ್ತು. ಆಫ್ತಾಬ ಒಳಗೆ ಕರೆದು ಕೂಡಿಸಿ ಚಹಾ ತರಿಸಿದರು. ನಾನು ವಿಷಯ ಹೇಳಿದಾಗ ಅವರು ಕಪ್ಪು ಕೆಳಗಿಟ್ಟರು.

“ಸರ್ರ, ಪೆಟ್ಟಿಗ್ಯಾಗ ಬಿದ್ದದ್ದಕ್ಕ ಹೆಸರ ಇರೂದಿಲ್ರಿ. ನಂಬರ್ ಇರ್ತದ, ಅಷ್ಟ. ಇದು ಯಾರದು ಅಂತ ಕೇಳ್ಕೋತ ಕುಂತ್ರ ಒಂದನ್ನೂ ಕೊಡಾಕ ಮನಸ ಬರೂದಿಲ್ಲ.”

ಹುಡುಕೋಣ, ಆದರೆ ತನಗೆ ಕೈ ಸಾಲದು, ಶನಿವಾರ ಮಧ್ಯಾಹ್ನ ಬಂದು ಕೂಡುವುದಾದರೆ ನೋಡೋಣ ಎಂದರು. ಹಾಗೆ ನಾನು ಜುಲೈ ತಿಂಗಳಿಡೀ ಶನಿವಾರ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಳೆದೆ. ಹುಡುಕಲು ಹೋದವನಿಗೆ ಹುಡುಕುವುದೇ ಮರೆತು ಕೆಲಸದಲ್ಲಿ ಆಸಕ್ತಿ ಹುಟ್ಟಿತು ಎಂದರೆ ನಿನಗೆ ಇಷ್ಟವಾಗದು. ಆದರೆ ಆದದ್ದು ಹಾಗೆ.

ಮೊದಲು ಒಡೆದವನ್ನೂ ಗೀರು ಬಿದ್ದವನ್ನೂ ಬೇರೆ ತೆಗೆಯುತ್ತಾರೆ. ಅವುಗಳ ಸ್ಕ್ರೂ, ಮೂಗಿನ ಮೇಲೆ ಕೂಡುವ ಮೆತ್ತನೆಯ ಬಿಲ್ಲೆ, ಗಟ್ಟಿ ಇರುವ ಕಡ್ಡಿ ಬಿಚ್ಚಿ ಇಡುತ್ತಾರೆ. ಅವು ಬೇರೆ ಕನ್ನಡಕಗಳ ದುರಸ್ತಿಗೆ ಆಗುತ್ತವೆ. ತಗಡಿನ ಫ್ರೇಮುಗಳು ಹಳೆಯ ಕಬ್ಬಿಣ ಕೊಳ್ಳುವ ಮೋಡ್ಕಾ ಅಂಗಡಿಗೆ. ಚೆನ್ನಾಗಿರುವವನ್ನು ಸಾಬೂನಿನ ಬೆಚ್ಚಗಿನ ನೀರಿನಲ್ಲಿ ತೊಳೆದು ಹಳೆಯ ಧೋತರದ ಮೇಲೆ ಹರವಬೇಕು. ತೊಳೆಯುವ ಕೆಲಸ ನನ್ನದಾಗಿತ್ತು. ಮಡಚುವ ಸಂದಿಯಲ್ಲಿ ಏನೇನಿರುತ್ತದೆ ಗೊತ್ತೇ? ವಿಭೂತಿ, ಹಿಟ್ಟು, ಕಾಡಿಗೆ, ಒಂದರಲ್ಲಿ ಅರಿಸಿನ. ಒಂದು ಕನ್ನಡಕದ ಕಡ್ಡಿಯ ತುದಿಯನ್ನು ಯಾರೋ ಪೂರ್ತಿ ಕಚ್ಚಿ ತಿಂದಿದ್ದರು. ಲೆಕ್ಕ ಕಲಿಸುವ ಮಾಸ್ತರ ಇರಬೇಕು ಎಂದೆ. ಆಫ್ತಾಬ ಅದನ್ನು ಹಣೆಯ ಅಳತೆಗೆ ಹಿಡಿದು ನೋಡಿ, ಇಷ್ಟು ಸಣ್ಣ ಫ್ರೇಮು ಮಾಸ್ತರರಿಗೆ ಹಿಡಿಯದು, ಪರೀಕ್ಷೆಗೆ ಕೂತ ಹುಡುಗಿಯದು ಎಂದರು.

ಒಣಗಿದ ಮೇಲೆ ಪವರ್ ನೋಡುವ ಯಂತ್ರ. ಒಂದೊಂದೇ ಕನ್ನಡಕವನ್ನು ಅದರ ಮೂಗಿನ ಮೇಲೆ ಇಟ್ಟು ಕಣ್ಣು ಹಚ್ಚಿದರೆ ಒಳಗೆ ಹಸಿರು ಗೆರೆಗಳು ಕಾಣುತ್ತವೆ. ಗುಂಡಿ ತಿರುವುತ್ತ ಗೆರೆಗಳು ಚೊಕ್ಕವಾದಾಗ ನಂಬರ್ ಓದಬೇಕು. ನಮ್ಮ ಸರ್ವೇ ಯಂತ್ರಕ್ಕೆ ಇಪ್ಪತ್ತು ವರ್ಷ ಕಣ್ಣು ಹಚ್ಚಿದವನಿಗೆ ಅದು ಬೇಗ ಕೈಗೆ ಹತ್ತಿತು. ನಂಬರನ್ನು ಚೀಟಿಯಲ್ಲಿ ಬರೆದು ನೂಲಿನಿಂದ ಕಡ್ಡಿಗೆ ಕಟ್ಟಿ, ಅದೇ ನಂಬರನ್ನೂ ಫ್ರೇಮಿನ ಬಣ್ಣವನ್ನೂ ಒಂದು ವಹಿಯಲ್ಲಿ ಬರೆಯುತ್ತಾರೆ. ತಿಂಗಳಿಗೊಮ್ಮೆ ಯಾವುದಾದರೂ ಹಳ್ಳಿಯಲ್ಲಿ ಕಣ್ಣು ಪರೀಕ್ಷೆ ಇಟ್ಟು, ಬಂದವರ ಕಣ್ಣಿಗೆ ಹೊಂದುವುದನ್ನು ಹುಡುಕಿ ಕೊಡುತ್ತಾರೆ. ಜೂನ್‌ನಲ್ಲಿ ಶಿರಗುಪ್ಪಿ, ಜುಲೈಯಲ್ಲಿ ಉಪ್ಪಿನಬೆಟಗೇರಿ.

ಯಂತ್ರ ಇಲ್ಲದೆ ಕೈಯಿಂದ ಪರೀಕ್ಷಿಸುವ ಒಂದು ಹಳೆಯ ರೀತಿಯನ್ನೂ ಆಫ್ತಾಬ ಕಲಿಸಿದರು. ಕೆಲವರ ಕಣ್ಣಿಗೆ ಸಾದಾ ಪವರ್ ಸಾಕು. ಕೆಲವರಿಗೆ ಅದರ ಜೊತೆ ಓರೆ ಪವರ್ ಬೇಕಾಗುತ್ತದೆ. ಅವರ ಕಣ್ಣಿನ ಗುಂಡು ಒಂದು ಕಡೆ ಸ್ವಲ್ಪ ಚಪ್ಪಟೆ. ಬಾಗಿಲ ಚೌಕಟ್ಟಿನಂಥ ನೆಟ್ಟಗಿನ ಗೆರೆಯನ್ನು ಗಾಜಿನ ಮೂಲಕ ನೋಡುತ್ತ ಕನ್ನಡಕವನ್ನು ಮೆಲ್ಲಗೆ ತಿರುಗಿಸಬೇಕು. ಸಾದಾ ಗಾಜಾದರೆ ಗೆರೆ ನೆಟ್ಟಗೇ ಉಳಿಯುತ್ತದೆ. ಓರೆ ಪವರ್ ಇದ್ದರೆ ಗಾಜಿನೊಳಗಿನ ಗೆರೆ ಹೊರಗಿನ ಗೆರೆಯಿಂದ ಕಡಿದು ವಾಲುತ್ತದೆ. ನಾನು ಅಂಗಡಿಯ ಬಾಗಿಲಿಗೆ ಹಿಡಿದು ಇಪ್ಪತ್ತು ಮೂವತ್ತು ಕನ್ನಡಕ ತಿರುಗಿಸಿ ನೋಡಿದೆ. ನೆಟ್ಟಗಿನ ಬಾಗಿಲು ಮುರಿಯುವುದನ್ನು ನೋಡುವುದರಲ್ಲಿ ಏನೋ ಒಂದು ಸುಖವಿದೆ.

ಅಪ್ಪನ ನಂಬರ್ ಆಫ್ತಾಬರ ಕಂಪ್ಯೂಟರಿನಲ್ಲಿ ಇತ್ತು: ಎರಡೂಕಾಲು, ಜೊತೆಗೆ ಒಂದೂವರೆ ಓರೆ. ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ನಲವತ್ತು ವರ್ಷ ಎಳೆ ನೋಡಿದ ಮನುಷ್ಯ. ಚಿಟಿಕೆ ಅರಳೆಯನ್ನು ಎರಡೂ ಕೈಯಿಂದ ಜಗ್ಗಿ ಇದು ಇಷ್ಟು ಉದ್ದ ಎಂದು ಅವರು ಹೇಳಿದರೆ ವ್ಯಾಪಾರಿಗಳು ಎರಡನೆಯ ಮಾತಾಡುತ್ತಿರಲಿಲ್ಲ. ಅಂಥವರ ಕಣ್ಣು ಒಂದು ಕಡೆ ಚಪ್ಪಟೆಯಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಅಪ್ಪನ ಬಗ್ಗೆ ಹೊಸದೊಂದು ಸಂಗತಿ ಅವರು ತೀರಿಕೊಂಡ ಐದು ತಿಂಗಳ ಮೇಲೆ ತಿಳಿಯಿತು.

ಆದರೆ ವಹಿಯಲ್ಲಿ ಆ ನಂಬರೇ ಇರಲಿಲ್ಲ. ಮೇಯಿಂದ ಬಂದ ಪ್ರತಿಯೊಂದನ್ನೂ ಎರಡು ಸಲ ನೋಡಿದೆವು. ಕೊನೆಗೆ ಆಫ್ತಾಬ ನಂಬರ್ ಬಿಟ್ಟು ಫ್ರೇಮಿನ ಬಣ್ಣ ಕೇಳಿದರು. ಬೆಲ್ಲದ ಬಣ್ಣದ್ದು, ದಪ್ಪ, ಕಡ್ಡಿಯ ಮೇಲೆ ಹಿತ್ತಾಳೆಯ ಸಣ್ಣ ಚುಕ್ಕೆ ಎಂದೆ. ಅವರು ವಹಿಯಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಅಂಥದೊಂದು ಫ್ರೇಮು ಜೂನ್‌ನಲ್ಲಿ ಶಿರಗುಪ್ಪಿಗೆ ಹೋಗಿತ್ತು. ಎದುರಿಗೆ ಅವರದೇ ಅಕ್ಷರದಲ್ಲಿ ಬರೆದ ನಂಬರ್: ಒಂದು, ಸಾದಾ.

ಅವರ ಮುಖ ಸಣ್ಣದಾಯಿತು. ಆ ಫ್ರೇಮು ತಮ್ಮ ಅಂಗಡಿಗೆ ಹೆಚ್ಚು ಬಂದದ್ದಲ್ಲ, ಇದು ಅಪ್ಪನದೇ ಇರಬೇಕು, ಹಾಗಾದರೆ ತಾವೇ ನಂಬರ್ ತಪ್ಪಾಗಿ ಓದಿರಬೇಕು ಎಂದರು. ಒಂದೂವರೆ ತಿಂಗಳಿಂದ ಯಾರೋ ತಪ್ಪು ಕನ್ನಡಕ ಹಾಕಿಕೊಂಡು ಎಡವಿ ಬೀಳುತ್ತಿದ್ದಾರೆ ಎಂಬುದು ಅವರ ಚಿಂತೆಯಾಯಿತು. ನನ್ನ ಚಿಂತೆ ನಿನಗೆ ಗೊತ್ತೇ ಇದೆ. ಅಂಥದೇ ಫ್ರೇಮು ತರಿಸಿ, ಅಪ್ಪನ ನಂಬರಿನ ಗಾಜು ಹಾಕಿಸಿ, ಸ್ವಲ್ಪ ಗೀರು ಎಳೆದು ನಿನಗೆ ಕಳಿಸಿಬಿಡಲೇ ಎಂದು ಒಂದು ಗಳಿಗೆ ಯೋಚಿಸಿದ್ದೂ ಉಂಟು. ನಿನಗೆ ತಿಳಿಯುತ್ತಿರಲಿಲ್ಲ.

ಕಳೆದ ರವಿವಾರ ಇಬ್ಬರೂ ಅವರ ಸ್ಕೂಟರಿನ ಮೇಲೆ ಶಿರಗುಪ್ಪಿಗೆ ಹೋದೆವು. ಕನ್ನಡಕ ಪಡೆದವಳು ರುಕ್ಮವ್ವ ಎಂಬ ಮುದುಕಿ. ಮನೆಯ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ಮೂಗಿನ ಮೇಲೆ ಆ ಬೆಲ್ಲದ ಬಣ್ಣದ ಫ್ರೇಮು. ವಾಣಿ, ದೂರದಿಂದ ನೋಡಿದಾಗ ನನ್ನ ಕಾಲು ನಿಂತವು ಎಂದಷ್ಟೇ ಹೇಳುತ್ತೇನೆ. ಹತ್ತಿರ ಹೋದ ಮೇಲೆ ಬರೀ ಕನ್ನಡಕವಾಯಿತು.

ಆಫ್ತಾಬ ಕಾಣಿಸುತ್ತದೆಯೇ, ತಲೆ ನೋಯುತ್ತದೆಯೇ, ಮೆಟ್ಟಿಲು ಎತ್ತರ ತಗ್ಗು ಅನ್ನಿಸುತ್ತದೆಯೇ ಎಂದು ಒಂದೇ ಸಮನೆ ಕೇಳಿದರು. ಆಕೆ ಸೂಜಿಗೆ ದಾರ ಪೋಣಿಸಿ ತೋರಿಸಿದಳು, ಒಂದೇ ಸಲಕ್ಕೆ. ಹಾದಿಯ ಆಚೆ ಕಂಬದ ಮೇಲೆ ಕೂತ ಹಕ್ಕಿ ಯಾವುದೆಂದೂ ಹೇಳಿದಳು.

“ಸತ್ತೋರ ಚಷ್ಮಾ ಹಾಕ್ಕೋಬ್ಯಾಡ, ಅದರಾಗ ಅವರ ಕಣ್ಣ ಇರ್ತಾವು ಅಂತಾಳ್ರಿ ನಮ್ಮ ಸೊಸಿ. ಇರಲಿ ಬಿಡ, ಅವರೂ ಒಂದೀಟ ಹೊಲಿಗಿ ಕಲೀಲಿ ಅಂದೆ ನಾ.”

ಸೊಸೆ ಒಳಗಿನಿಂದ, ನಿಮ್ಮ ಹೊಲಿಗೆ ನೋಡಿದರೆ ಅವರು ಎದ್ದು ಓಡಿಹೋಗುತ್ತಾರೆ ಎಂದಳು. ಇಬ್ಬರದೂ ಇದು ದಿನದ ಮಾತು ಎಂದು ಕಂಡಿತು. ನಾನು ಬಂದ ಕಾರಣ ಹೇಳಿದೆ. ತಂಗಿ ಒಬ್ಬಳಿದ್ದಾಳೆ, ಅಪ್ಪನ ಮುಖ ಆಕೆಗೆ ಸಿಗಲಿಲ್ಲ, ಇದನ್ನು ಕೇಳಿದ್ದಾಳೆ ಎಂದೆ. ರುಕ್ಮವ್ವ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಕನ್ನಡಕ ತೆಗೆದು ಸೆರಗಿನಿಂದ ಎರಡೂ ಗಾಜು ಒರೆಸಿ ನನ್ನ ಕೈಗೆ ಇಟ್ಟಳು.

“ಒಯ್ಯಪಾ. ಹೆಣ್ಣಮಗಳು ಕೇಳ್ಯಾಳಂದ್ರ ಕೊಡಬೇಕು. ನಂದೇನು, ಮುಂದಿನ ಸಲ ಇವರು ಬಂದಾಗ ಬ್ಯಾರೇದು ತಗೋತೇನಿ.”

ತೆಗೆದುಕೊಂಡೆ. ಸುಳ್ಳು ಹೇಳುವುದಿಲ್ಲ, ಕಿಸೆಗೆ ಹಾಕಿಕೊಳ್ಳಬೇಕು ಎಂದೇ ಇದ್ದೆ. ಆದರೆ ಒಂದು ತಿಂಗಳು ಶನಿವಾರ ಕೂತು ಕಲಿತ ಚಟ. ಕೈ ತಾನಾಗಿ ಎತ್ತಿ ಅವರ ಮನೆಯ ಬಾಗಿಲ ಚೌಕಟ್ಟಿಗೆ ಹಿಡಿಯಿತು. ಮೆಲ್ಲಗೆ ತಿರುಗಿಸಿದೆ. ಚೌಕಟ್ಟು ನೆಟ್ಟಗೇ ಉಳಿಯಿತು. ಇನ್ನೊಂದು ಗಾಜು ತಿರುಗಿಸಿದೆ. ಅದೂ ನೆಟ್ಟಗೆ. ಇದರಲ್ಲಿ ಓರೆ ಪವರ್ ಇರಲೇ ಇಲ್ಲ. ಆಫ್ತಾಬರ ವಹಿ ಸರಿಯಾಗಿತ್ತು. ಕೈಯಲ್ಲಿದ್ದದ್ದು ಅಪ್ಪನ ಕನ್ನಡಕವಾಗಿರಲಿಲ್ಲ.

ಆಫ್ತಾಬರಿಗೆ ಕೊಟ್ಟೆ, ಅವರೂ ಚೌಕಟ್ಟಿಗೆ ಹಿಡಿದು ತಿರುಗಿಸಿ ನೋಡಿದರು. ಆಗ ಅವರಿಗೆ ನೆನಪಾಯಿತು. “ಸರ್ರ, ಆ ಫ್ರೇಮ್ ಎರಡ ಪೀಸ್ ಬಂದಿದ್ದೂರಿ. ಎರಡೂ ನಿಮ್ಮ ಮನೀಗೇ ಕೊಟ್ಟೇನಿ. ಅಪ್ಪಾರು ಆರಿಸ್ಕೊಂಡರು, ಅದನ್ನ ನೋಡಿ ನನಗೂ ಅದ ಇರಲಿ ಅಂದ್ರು ಅವ್ವಾರು.”

ಆ ದಿನದ್ದನ್ನು ಇಲ್ಲಿ ಹೇಳಬೇಕು. ನೀನು ಇನ್ನೂ ಹಾದಿಯಲ್ಲಿದ್ದೆ. ಅಪ್ಪನನ್ನು ನಡುಮನೆಯಲ್ಲಿ ಕೂಡಿಸಿದ್ದರು. ವಿಭೂತಿ ಹಚ್ಚಿ, ರುಮಾಲು ಸುತ್ತಿ, ಕೊರಳಿಗೆ ಹೂವು ಹಾಕಿ ಎಲ್ಲ ಆದ ಮೇಲೆ ಯಾರೋ ಅಂದರು, ಏನೋ ಕಡಿಮೆ ಅನ್ನಿಸುತ್ತದೆ, ಮಹಾಂತಯ್ಯನವರಂತೆ ಕಾಣುವುದಿಲ್ಲ, ಚಷ್ಮಾ ಹಾಕಿರಿ. ನಮ್ಮವರನ್ನು ಕೂಡಿಸಿಯೇ ಕಳಿಸುವುದಲ್ಲವೇ. ಕೂತವರು ದಿನದಂತೆ ಇರಬೇಕು ಎಂದು ಎಲ್ಲರಿಗೂ ಅನ್ನಿಸುತ್ತದೆ. ನಾನು ಒಳಗೆ ಹೋಗಿ ದೇವರ ಕೋಣೆಯ ಕಿಟಕಿಯಲ್ಲಿ ಇದ್ದದ್ದನ್ನು ತಂದು ಮುಖಕ್ಕೆ ಹಾಕಿದೆ. ಈಗ ಸರಿಯಾಯಿತು ಎಂದರು. ಬಂದವರೆಲ್ಲ ಫೋಟೋ ತೆಗೆದುಕೊಂಡರು. ಕುಣಿಗೆ ಇಳಿಸುವ ಮೊದಲು ಅಯ್ಯನವರು ಲಿಂಗದ ಹೊರತು ಏನೂ ಇರಬಾರದು ಎಂದಾಗ ತೆಗೆದು ಕಿಸೆಯಲ್ಲಿಟ್ಟುಕೊಂಡೆ. ಅವ್ವ ಅಳುವಾಗ ತನ್ನದನ್ನೂ ತೆಗೆದು ಎಲ್ಲೋ ಇಟ್ಟಿದ್ದಳು. ಸಂಜೆ ಯಾರೋ ಹೆಂಗಸರು ಇನ್ನೊಂದನ್ನು ತಂದು ಆಕೆಯ ಕೈಗೆ ಕೊಟ್ಟರು.

ಅಂದರೆ ಊರೆಲ್ಲ ಕೊನೆಗೆ ನೋಡಿದ್ದು ಅವ್ವನ ಕನ್ನಡಕ ಹಾಕಿಕೊಂಡ ಅಪ್ಪನನ್ನು. ಶಿರಗುಪ್ಪಿಯಲ್ಲಿ ಇದ್ದದ್ದು ಅವ್ವನದು. ಅಪ್ಪನದು ನಮ್ಮ ಮನೆಯಲ್ಲಿ, ಅವ್ವನ ಮುಖದ ಮೇಲೆ, ಆರು ತಿಂಗಳಿಂದ.

ರುಕ್ಮವ್ವನಿಗೆ ಕನ್ನಡಕ ವಾಪಸು ಕೊಟ್ಟು, ಇದು ನಿಮ್ಮದೇ ಎಂದೆ. ಬಾಗಿಲಲ್ಲಿ ಏನು ನೋಡಿದಿ ಎಂದು ಕೇಳಿದಳು. ಹೇಳಿದೆ. ಆಕೆಯೂ ಒಮ್ಮೆ ಎತ್ತಿ ಹಿಡಿದು ತಿರುಗಿಸಿ, ನಮ್ಮ ಬಾಗಿಲು ಗಟ್ಟಿ ಇದೆ ಎಂದು ಸೊಸೆಗೆ ಕೇಳುವಂತೆ ಹೇಳಿದಳು. ಅಲ್ಲಿಂದ ಹೊರಟೆವು. ಆಫ್ತಾಬರಿಗೆ ಹಗುರಾಗಿತ್ತು, ಶೀಟಿ ಹಾಕಿಕೊಂಡು ಗಾಡಿ ಹೊಡೆದರು.

ಹಿಂದೆ ಕೂತ ನನಗೆ ಒಂದೊಂದೇ ನೆನಪಾದವು. ಮಾರ್ಚಿನಿಂದ ಅವ್ವ ಕೆಲಗೇರಿ ಕೆರೆಯ ಕಡೆ ಸಂಜೆ ಅಡ್ಡಾಡಲು ಹೋಗುವುದನ್ನು ಬಿಟ್ಟಿದ್ದಳು. ಟಿವಿ ಮುಂದೆ ಕೂಡುತ್ತಿರಲಿಲ್ಲ. ಮನೆಗೆ ಬಂದವರ ಗುರುತು ಬಾಗಿಲಲ್ಲಿ ಹಿಡಿಯದೆ, ದನಿ ಕೇಳಿದ ಮೇಲೆ ಮಾತಾಡಿಸುತ್ತಿದ್ದಳು. ನಾವು ಅದನ್ನು ದುಃಖ ಎಂದು ಕರೆದೆವು. ನಿನ್ನ ವೈನಿ ರಾಜೇಶ್ವರಿಯೂ ಓಣಿಯವರಿಗೆಲ್ಲ, ಅತ್ತೆ ಇನ್ನೂ ಆ ಗುಂಗಿನಿಂದ ಹೊರಗೆ ಬಂದಿಲ್ಲ ಎನ್ನುತ್ತಿದ್ದಳು. ಓಣಿಯವರು ಅವ್ವನನ್ನು ಹೊಗಳುತ್ತಿದ್ದರು. ನೀನೂ ಫೋನಿನಲ್ಲಿ ಆಕೆಗೆ ಧೈರ್ಯ ಹೇಳುತ್ತಿದ್ದೆ. ಯಾರೂ ಕನ್ನಡಕ ನೋಡಲಿಲ್ಲ.

ಮನೆಗೆ ಬಂದಾಗ ಅವ್ವ ಮೆಂತ್ಯೆ ಪಲ್ಲೆ ಸೋಸುತ್ತಿದ್ದಳು. ಎಲೆಯನ್ನು ಮೂಗಿನ ಹತ್ತಿರ ತಂದು ನೋಡುತ್ತಿದ್ದಳು. ನಾನು ಆಕೆಯ ಕನ್ನಡಕ ತೆಗೆದು ನಮ್ಮ ಬಾಗಿಲ ಚೌಕಟ್ಟಿಗೆ ಹಿಡಿದು ತಿರುಗಿಸಿದೆ. ಗೆರೆ ಕಡಿದು ವಾಲಿತು. ತಿರುಗಿ ನೋಡಿದರೆ ಅವ್ವ ಕಣ್ಣು ಸಣ್ಣದು ಮಾಡಿ ನನ್ನನ್ನೇ ನೋಡುತ್ತಿದ್ದಳು.

“ಗೊತ್ತಾತೇನು?” ಎಂದಳು.

ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಮೂರನೆಯ ದಿನವೇ, ಬಚ್ಚಲಿನ ಮೆಟ್ಟಿಲು ಎದ್ದು ಬಂದ ಹಾಗಾಯಿತು ಎಂದಳು. ಹಾಗಾದರೆ ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರ ನೀ ಬದಲಿ ಮಾಡಿ ಕೊಡತಿದ್ದಿ.”

ಪಲ್ಲೆ ಬದಿಗಿಟ್ಟು ಕೈ ಒರೆಸಿಕೊಂಡಳು. ನಾನು ಎದುರಿಗೆ ನೆಲದ ಮೇಲೆ ಕೂತೆ. ಆಕೆ ಮುಂದೆ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

“ನಲವತ್ತೆಂಟ ವರ್ಷ ಬೈದೇನಿ ಅವ್ರಿಗೆ. ಹೊಸ್ತಿಲಾ ಎಡವತೀರಿ, ನೋಡಿ ಕಾಲ ಇಡ್ರಿ, ಲಕ್ಷ್ಯ ಎಲ್ಲಿರ್ತದ ಅಂತ. ಇದನ್ನ ಹಾಕ್ಕೊಂಡ ಮ್ಯಾಲ ನಾನೂ ಎಡವಿದೆ. ಖರೇನ ಅವ್ರಿಗೆ ನೆಲಾ ಹಿಂಗ ಕಾಣ್ತಿತ್ತು ಅಂತ ತಿಳೀತು. ಇನ್ನೂ ಏನೇನ ಹಿಂಗ ಕಾಣ್ತಿತ್ತು ಅಂತ ನೋಡ್ಕೋತ ಹೊಂಟೇನಿ.”

ಅದು ಹಾಗಲ್ಲ ಎಂದೆ. ನನ್ನ ಸ್ವಭಾವ ನಿನಗೆ ಗೊತ್ತು. ಒಬ್ಬರ ಕನ್ನಡಕ ಹಾಕಿದರೆ ಅವರು ಕಂಡದ್ದು ಕಾಣುವುದಿಲ್ಲ, ಅವರ ಕಣ್ಣಿನ ಕೊರತೆ ನಮ್ಮ ಕಣ್ಣಿಗೆ ಉಲ್ಟಾ ಆಗಿ ಬರುತ್ತದೆ ಅಷ್ಟೇ. ಅಪ್ಪನಿಗೆ ಇದರಲ್ಲಿ ನೆಲ ನೆಟ್ಟಗೇ ಇರುತ್ತಿತ್ತು, ಎಡವಿದ್ದು ಬೇರೆ ಕಾರಣಕ್ಕೆ ಎಂದು ಆಫ್ತಾಬರಿಂದ ಕಲಿತದ್ದನ್ನೆಲ್ಲ ಒಪ್ಪಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

“ನಿನ್ನ ಸರ್ವೇ ಹೊಲದಾಗ ಮಾಡು,” ಎಂದಳು.

ಆಮೇಲೆ ನಿನ್ನ ಸಂದೇಶದ ಮಾತು ತೆಗೆದೆ. ಆಕೆಗೆ ಅದು ಗೊತ್ತಿರಲಿಲ್ಲ. ನೀನು ಅವ್ವನನ್ನು ಕೇಳದೆ ನನ್ನನ್ನು ಕೇಳಿದ್ದೇಕೆ ಎಂದು ನಾನೂ ಯೋಚಿಸಿದ್ದೇನೆ. ನನ್ನಿಂದಲೇ ಕೊಡಿಸಿಕೊಳ್ಳಬೇಕು ಎಂದಿರಬೇಕು. ಅವ್ವನಿಗೆ ಆಫ್ತಾಬರ ಹತ್ತಿರ ಹೊಸದು ಮಾಡಿಸುತ್ತೇನೆ, ಇದನ್ನು ಪಾರ್ಸೆಲ್ ಮಾಡುತ್ತೇನೆ ಎಂದೆ. ಬೇಡ ಎಂದು ಕೈ ಮಾಡಿದಳು.

“ಪೆಟ್ಟಿಗ್ಯಾಗ ಹಾಕಿ ಕಳಸಬ್ಯಾಡ. ವಾಣಿ ಬರಲಿ. ನನ್ನ ಮಾರಿ ಮ್ಯಾಲಿಂದ ಆಕಿನ ತನ್ನ ಕೈಲೆ ತಗೊಂಡು ಹೋಗ್ಲಿ. ಅಲ್ಲೀತನಾ ಇದು ಇಲ್ಲೇ ಇರತದ.”

ಹೊಸದಕ್ಕೆ ಅಳತೆ ಕೊಡಲು ಬಾ ಎಂದು ಒಂದು ವಾರದಿಂದ ಕರೆಯುತ್ತಿದ್ದೇನೆ, ಬರುತ್ತಿಲ್ಲ. ನೀನು ಬಂದು ತೆಗೆದುಕೊಂಡ ದಿನವೇ ನಿನ್ನ ಜೊತೆ ಅಂಗಡಿಗೆ ಹೋಗುವಳಂತೆ. ನಿನ್ನೆ ಹೊಸ್ತಿಲಲ್ಲಿ ಮತ್ತೆ ಎಡವಿದಳು, ಹೆಬ್ಬೆರಳಿಗೆ ಸ್ವಲ್ಪ ಪೆಟ್ಟಾಗಿದೆ. ಕೇಳಿದರೆ ನಗುತ್ತಾಳೆ. ಎಪ್ಪತ್ತೆರಡು ವರ್ಷದವಳು ಬಿದ್ದು ಸೊಂಟ ಮುರಿದುಕೊಂಡರೆ ಏನು ಗತಿ ಎಂದು ರಾಜೇಶ್ವರಿ ನನ್ನನ್ನು ಬೈಯುತ್ತಾಳೆ, ಆಕೆಯನ್ನು ಬೈಯುವಂತಿಲ್ಲ. ಆದ್ದರಿಂದ ಬೇಗ ಬಾ. ಶ್ರಾವಣ ಮುಗಿಯುವುದರೊಳಗೆ ಬಂದರೆ ಒಳ್ಳೆಯದು. ಸಾನ್ವಿಗೆ ರಜೆ ಇದ್ದರೆ ಕರೆದುಕೊಂಡು ಬಾ, ಅಜ್ಜಿಯ ಕೈ ಹಿಡಿದು ಮೆಟ್ಟಿಲು ಇಳಿಸಲು ಒಬ್ಬರು ಬೇಕು.

ನಿನ್ನ ವೈನಿ ನೆನಪು ಹೇಳಿದ್ದಾಳೆ. ಅವ್ವ ಹೇಳುವುದನ್ನು ಸೋಮವಾರ ತಾನೇ ಹೇಳುತ್ತಾಳೆ. ನಿಮಗೆಲ್ಲ ಗುರುವಿನ ಕೃಪೆ ಇರಲಿ, ಸಾನ್ವಿ ಚೆನ್ನಾಗಿ ಓದಲಿ. ನನ್ನ ಆಶೀರ್ವಾದವನ್ನು ನೀನು ತೆಗೆದುಕೊಳ್ಳುತ್ತೀಯೋ ಇಲ್ಲವೋ, ಕಳಿಸಿದ್ದೇನೆ.

ನಿನ್ನ ಅಣ್ಣ,
ಗುರುಪಾದ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಅವ್ವ ಕರೆದಿದ್ದಾಳೆ, ನೀನು ಬರುತ್ತೀ. ಬಂದು ಈ ಮನೆಯಲ್ಲಿ ನನ್ನೆದುರು ಕೂತು ಉಣ್ಣುತ್ತೀ. ಅದಕ್ಕಿಂತ ಮೊದಲು ನಿನಗೆ ಇದು ತಿಳಿದಿರಬೇಕು.

ಆ ದಿನ ಹಿರಿಯರು ಯಾರೂ ಅವಸರ ಮಾಡಲಿಲ್ಲ. ನಾಲ್ಕೂಮುಕ್ಕಾಲಿಗೆ ನೀನು ಫೋನ್ ಮಾಡಿ, “ಅಣ್ಣಿಗೇರಿ ದಾಟೇನಿ ಅಣ್ಣಾ, ನಾ ಬರೂತನಾ ಎತ್ತಬ್ಯಾಡ್ರಿ” ಎಂದೆ. ನಾನು ಹೂಂ ಎಂದೆ. ಅದನ್ನು ಹಿರಿಯರಿಗೆ ಹೇಳಿದೆ, ಅವರು ಕೇಳಲಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು. ನಾನು ಯಾರಿಗೂ ಹೇಳಲಿಲ್ಲ. ಓಣಿಯ ಗುರುಶಿದ್ದಪ್ಪ ಕಾಕಾ ತಾವಾಗಿಯೇ ಬಂದು, “ಹುಡಿಗಿ ಎಲ್ಲಿಗೆ ಬಂತಪಾ? ಬರ್ಲಿ, ಕಾಯೂಣು, ಇನ್ನೂ ಬೆಳಕದ” ಎಂದರು. “ಇನ್ನೂ ಕೊಪ್ಪಳ ಬಿಟ್ಟಿಲ್ರಿ ಕಾಕಾ, ಕಾಯೂದು ಬ್ಯಾಡ” ಎಂದವನು ನಾನು.

ಬೆಳಗಿನಿಂದ ಜನ ಅಪ್ಪನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ನನಗೆ ಅಳು ಬಂದಿರಲಿಲ್ಲ. ನೀನು ಬಂದು ಬಾಗಿಲಿನಿಂದಲೇ ಬೋರಾಡಿ ಅಳುತ್ತೀ, ಪಕ್ಕದಲ್ಲಿ ನಿಂತ ನಾನು ಆಗ ಹೇಗೆ ಕಾಣುತ್ತೇನೆ ಎಂದು ಯೋಚಿಸಿದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಇರಬೇಕೆಂದು ಆರು ತಿಂಗಳು ಹುಡುಕಿದೆ, ಸಿಗಲಿಲ್ಲ.

ಅವ್ವನಿಗೆ ಇದು ಗೊತ್ತಿಲ್ಲ. ನಾನು ಹೇಳಬೇಕೋ, ನೀನೇ ಹೇಳುವೆಯೋ, ಬರುವ ಮೊದಲು ಒಂದು ಮಾತು ತಿಳಿಸು.